ಎಲ್‌ಎಲ್‌ಬಿ ಓದಿದ ಕಾರ್ಮಿಕ ಯೂನಿಯನ್ ಕಾರ್ಯದರ್ಶಿಯಾದರೆ: ಸನ್ನದು ಮೊದಲೋ, ಹುದ್ದೆ ಮೊದಲೋ?

ಪ್ರಶ್ನೆ: ನನಗೆ 33 ವರ್ಷ. ಕಾರವಾರ ತಾಲೂಕಿನ ಒಂದು ಖಾಸಗಿ ಕಾರ್ಖಾನೆಯಲ್ಲಿ ಏಳು ವರ್ಷದಿಂದ ಕಾಯಂ ಆಪರೇಟರ್. ಕೆಲಸಕ್ಕೆ ಸೇರುವ ಮೊದಲೇ ಶಿರಸಿಯಲ್ಲಿದ್ದುಕೊಂಡು ಎಲ್‌ಎಲ್‌ಬಿ ಮುಗಿಸಿದ್ದೆ. ಮನೆಯ ಪರಿಸ್ಥಿತಿಯಿಂದ ವಕೀಲಿಗೆ ಇಳಿಯಲಿಲ್ಲ, ಸನ್ನದೂ (ಬಾರ್ ಕೌನ್ಸಿಲ್ಲಿನ ವಕೀಲಿ ನೋಂದಣಿ) ಪಡೆದಿಲ್ಲ. ಈಗ ನಮ್ಮ ಯೂನಿಯನ್ನಿನ ಪ್ರಧಾನ ಕಾರ್ಯದರ್ಶಿ ನಿವೃತ್ತರಾಗುತ್ತಿದ್ದಾರೆ. "ಕಾಯ್ದೆ ಓದಿದವ ನೀನೊಬ್ಬನೇ, ನೀನೇ ಆಗು" ಎಂದು ಎಲ್ಲರೂ ಹಿಡಿದಿದ್ದಾರೆ. ಮಾವನವರು, "ಆಗುವುದಾದರೆ ಕೆಲಸ ಬಿಟ್ಟು ಸನ್ನದು ಮಾಡಿಸಿಕೋ, ಕರಿಕೋಟು ಕಂಡರೆ ಕಂಪನಿಯವರು ಹೆದರುತ್ತಾರೆ" ಅನ್ನುತ್ತಾರೆ. ಪದಾಧಿಕಾರಿಯನ್ನು ಯಾರೂ ಮುಟ್ಟುವ ಹಾಗಿಲ್ಲ ಎಂದು ಒಬ್ಬರು, ಮೊದಲ ಪೆಟ್ಟು ನಿನಗೇ ಎಂದು ಇನ್ನೊಬ್ಬರು. ಮುಂದೆ ಇದೇ ಕ್ಷೇತ್ರದಲ್ಲಿ ಇರಬೇಕೆಂಬ ಆಸೆ ನನಗಿದೆ. ಆದರೆ ಎರಡು ಮಕ್ಕಳು, ಮನೆಸಾಲ. ಗುತ್ತಿಗೆಯ ಹುಡುಗರೂ ಯೂನಿಯನ್ ಸೇರುತ್ತೇವೆ ಎನ್ನುತ್ತಿದ್ದಾರೆ. ಏನು ಮಾಡಲಿ?
— ಓದುಗರು, ಕಾರವಾರ (ಹೆಸರು ಬೇಡ ಎಂದಿದ್ದಾರೆ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಕುರ್ಚಿಗಳಿವೆ. ಒಂದು ಯೂನಿಯನ್ ಪದಾಧಿಕಾರಿಯದು, ಇನ್ನೊಂದು ವಕೀಲರದು. ಎರಡರಲ್ಲೂ ಒಟ್ಟಿಗೆ ಕೂರಬಹುದು, ಕೂತರೆ ಬಲ ದುಪ್ಪಟ್ಟಾಗುತ್ತದೆ ಎಂದು ನಿಮ್ಮ ಮಾವನವರು ತಿಳಿದಿದ್ದಾರೆ. ಕೈಗಾರಿಕಾ ಕಾನೂನು ಹೇಳುವುದು ಬಹುಮಟ್ಟಿಗೆ ಇದರ ಉಲ್ಟಾ. ನಿಮ್ಮ ಈಗಿನ ಸ್ಥಿತಿಯಲ್ಲಿ, ಅಂದರೆ ಕಾಯಂ ಕೆಲಸವಿದ್ದು, ಕಾಯ್ದೆಯ ಓದಿದ್ದು, ಸನ್ನದು ಇಲ್ಲದಿರುವಾಗ, ಕಾರ್ಯದರ್ಶಿಯ ಕೆಲಸಕ್ಕೆ ನಿಮಗೆ ಏನೂ ಕಡಿಮೆಯಿಲ್ಲ.

ಕರಿಕೋಟಿನ ವಿಷಯವನ್ನೇ ಮೊದಲು ನೋಡೋಣ. ವಿವಾದವೊಂದು ಎದ್ದರೆ ಅದು ಮೊದಲು ಹೋಗುವುದು ಸಂಧಾನಾಧಿಕಾರಿಯ ಮುಂದೆ. ನಿಮ್ಮಂಥ ಖಾಸಗಿ ಕಾರ್ಖಾನೆಗೆ ಅದು ರಾಜ್ಯದ ಕಾರ್ಮಿಕ ಇಲಾಖೆ. ಕೈಗಾ, ಕೊಂಕಣ ರೈಲ್ವೆ, ಬ್ಯಾಂಕಿನಂಥ ಕಡೆ ಕೇಂದ್ರದ ಅಧಿಕಾರಿಗಳು. ಸಂಧಾನದಲ್ಲಿ ವಕೀಲರಿಗೆ ಪ್ರವೇಶವೇ ಇಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 36ನೇ ಕಲಂ ಇದನ್ನು ನೇರವಾಗಿ ಹೇಳಿತ್ತು. ಅದರ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ವ್ಯವಸ್ಥೆ ಹಾಗೇ ಉಳಿದಿದೆ. ಮುಂದೆ ಲೇಬರ್ ಕೋರ್ಟಿಗೋ ಟ್ರಿಬ್ಯೂನಲ್ಲಿಗೋ ಹೋದಾಗ ವಕೀಲರು ಬರಬಹುದು. ಆದರೆ ಎದುರು ಪಕ್ಷ ಒಪ್ಪಬೇಕು, ಪೀಠ ಅನುಮತಿ ಕೊಡಬೇಕು. ನೋಂದಾಯಿತ ಯೂನಿಯನ್ನಿನ ಪದಾಧಿಕಾರಿಗೆ ಈ ಯಾವ ಅಡ್ಡಿಯೂ ಇಲ್ಲ. ಸಂಧಾನದ ಮೊದಲ ದಿನದಿಂದ ಅಂತಿಮ ವಾದದವರೆಗೆ ಹಕ್ಕಿನಿಂದ ಕೂರುತ್ತಾನೆ, ಸಾಕ್ಷಿಗಳ ಪಾಟೀಸವಾಲು ಮಾಡುತ್ತಾನೆ. ಪದಾಧಿಕಾರಿಯೇ ವಕೀಲನೂ ಆಗಿದ್ದರೆ? 1976ರ ಪಾರಾದೀಪ್ ಪೋರ್ಟ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಗೆಹರಿಸಿದೆ: ಆತ ಹಾಜರಾಗುವುದು ಪದಾಧಿಕಾರಿಯೆಂಬ ಬಲದಿಂದ, ಹಾಗಾಗಿ ಎದುರಿನವರ ಒಪ್ಪಿಗೆ ಬೇಕಿಲ್ಲ.

ಹಾಗಾದರೆ ಎರಡೂ ಆಗಬಹುದಲ್ಲ ಅನ್ನಿಸುತ್ತದೆ. ತೊಡಕು ಬರುವುದು ಬಾರ್ ಕೌನ್ಸಿಲ್ಲಿನ ವೃತ್ತಿ ನಿಯಮಗಳಿಂದ. ತಾನು ಕಾರ್ಯಕಾರಿ ಸಮಿತಿಯಲ್ಲಿರುವ ಸಂಸ್ಥೆಯ ಪರವಾಗಿಯಾಗಲಿ, ವಿರುದ್ಧವಾಗಿಯಾಗಲಿ ವಕೀಲ ಹಾಜರಾಗುವಂತಿಲ್ಲ. ತಾನೇ ಸಾಕ್ಷಿಯಾಗಬೇಕಾದೀತು ಎನ್ನುವಂಥ ಪ್ರಕರಣದ ವಕಾಲತ್ತು ಹಿಡಿಯುವಂತಿಲ್ಲ. ವಕೀಲಿ ನಡೆಸುತ್ತ ಇನ್ನೊಬ್ಬರಲ್ಲಿ ಪೂರ್ಣಾವಧಿ ಸಂಬಳದ ನೌಕರನಾಗಿರುವಂತಿಲ್ಲ. ಯೂನಿಯನ್ ಕೊಡುವ ಪೂರ್ಣಾವಧಿ ಸಂಬಳಕ್ಕೂ ಇದೇ ಮಾತು. ಬಂದ ಹಿಂಬಾಕಿಯಲ್ಲಿ ಇಷ್ಟು ಪರ್ಸೆಂಟ್ ಎಂದು ಫೀ ಗೊತ್ತುಮಾಡಿಕೊಳ್ಳುವಂತಿಲ್ಲ. ಇದರಲ್ಲಿ ಸಾಕ್ಷಿಯ ನಿಯಮವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬೇಡಿಕೆ ಪಟ್ಟಿಗೆ ಸಹಿ ಹಾಕಿದವರು ನೀವು, ಮಾತುಕತೆಗೆ ಕೂತವರು ನೀವು, ಹೆಚ್.ಆರ್. ಮ್ಯಾನೇಜರ್ ಬಾಯಿಮಾತಿನಲ್ಲಿ ಒಪ್ಪಿದ್ದನ್ನು ಕೇಳಿದವರೂ ನೀವು. ಯೂನಿಯನ್ನಿನ ಮೊದಲ ಸಾಕ್ಷಿ ನೀವಾಗದೆ ಇನ್ನಾರು? ಬ್ಯಾಂಡು ಕಟ್ಟಿಕೊಂಡು ವಾದಕ್ಕೆ ನಿಂತರೆ ಆ ಸಾಕ್ಷ್ಯ ಕೈತಪ್ಪಿದಂತೆ.

ಇನ್ನು, ನೌಕರಿಯಲ್ಲಿದ್ದುಕೊಂಡೇ ಸನ್ನದು ಮಾಡಿಸಿ ಕಪಾಟಿನಲ್ಲಿಟ್ಟುಕೊಳ್ಳುವ ಯೋಚನೆ ಬೇಡ. ಅರ್ಜಿಯ ಜೊತೆ ಉದ್ಯೋಗದಲ್ಲಿಲ್ಲ ಎಂಬ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅದು ಸುಳ್ಳೆಂದು ಸಾಬೀತಾದರೆ ಸನ್ನದೂ ಹೋಗುತ್ತದೆ, ಕಾರ್ಖಾನೆಯಲ್ಲಿ ದುರ್ನಡತೆಯ ಆರೋಪಕ್ಕೂ ನೀವೇ ಕಾಗದ ಒದಗಿಸಿದಂತಾಗುತ್ತದೆ. ಅವಸರವೂ ಇಲ್ಲ. 45 ದಾಟಿದವರಿಗೆ ಸನ್ನದಿಲ್ಲ ಎಂದಿದ್ದ ನಿಯಮವನ್ನು ಸುಪ್ರೀಂ ಕೋರ್ಟ್ 1995ರಲ್ಲೇ ತೆಗೆದುಹಾಕಿದೆ. ನೋಂದಣಿ ಶುಲ್ಕವನ್ನು 2024ರ ತೀರ್ಪು ಸಾಮಾನ್ಯ ವರ್ಗಕ್ಕೆ 750 ರೂಪಾಯಿಗೆ, ಪರಿಶಿಷ್ಟರಿಗೆ 125ಕ್ಕೆ ಕಟ್ಟಿಹಾಕಿದೆ. ಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆಯೊಂದನ್ನು ಪಾಸು ಮಾಡಬೇಕು, ಅಷ್ಟೆ. ನಿಮ್ಮ ಪದವಿ ಹಳಸುವುದಿಲ್ಲ.

ಈಗ ಮುಟ್ಟುವ ಹಾಗಿಲ್ಲ ಎಂಬ ಮಾತು. ಇದರಲ್ಲಿ ಅರ್ಧ ನಿಜ. ರಕ್ಷಿತ ಕಾರ್ಮಿಕ ಎಂಬ ವರ್ಗವೊಂದಿದೆ: ಒಟ್ಟು ಕಾರ್ಮಿಕರ ಶೇ. 1ರಷ್ಟು, ಕನಿಷ್ಠ 5, ಗರಿಷ್ಠ 100 ಪದಾಧಿಕಾರಿಗಳು. ಪದಾಧಿಕಾರಿ ಆದ ಮಾತ್ರಕ್ಕೆ ಈ ಪಟ್ಟಿಗೆ ಸೇರುವುದಿಲ್ಲ. ಯೂನಿಯನ್ ಪ್ರತಿ ವರ್ಷ ಹೆಸರುಗಳನ್ನು ಬರೆದು ಕಳಿಸಬೇಕು, ಮಾಲೀಕರು ಮಾನ್ಯ ಮಾಡಬೇಕು. ಕೇಂದ್ರದ ಹಳೆಯ ನಿಯಮದಲ್ಲಿ ಇದಕ್ಕೆ ಏಪ್ರಿಲ್ 30ರ ಗಡುವಿತ್ತು. ನಿಮಗೆ ಅನ್ವಯಿಸುವ ದಿನಾಂಕವನ್ನು ಇಲಾಖೆಯಲ್ಲಿ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎಷ್ಟೋ ಯೂನಿಯನ್ನುಗಳು ಈ ಒಂದು ಕಾಗದ ಕಳಿಸದೆ ರಕ್ಷಣೆ ಕಳೆದುಕೊಂಡಿವೆ. ಕಳಿಸಿದರೂ ಕವಚ ಸಿಗುವುದು ವಿವಾದವೊಂದು ಸಂಧಾನದಲ್ಲೋ ಟ್ರಿಬ್ಯೂನಲ್ಲಿನಲ್ಲೋ ಬಾಕಿ ಇರುವಾಗ ಮಾತ್ರ. ಆಗ ಆ ಪೀಠದ ಲಿಖಿತ ಅನುಮತಿ ಮೊದಲೇ ಪಡೆಯದೆ ನಿಮ್ಮನ್ನು ವಜಾ ಮಾಡುವಂತಿಲ್ಲ, ಶಿಕ್ಷಿಸುವಂತಿಲ್ಲ. ಏನೂ ಬಾಕಿ ಇಲ್ಲದ ತಿಂಗಳುಗಳಲ್ಲಿ ನೀವೂ ಎಲ್ಲರಂತೆ.

ವಜಾ ಅಂತೂ ಅಪರೂಪ. ನಾಲ್ಕು ಜನಕ್ಕೆ ಗೊತ್ತಾಗುವಂಥ ಕೆಲಸವನ್ನು ಅನುಭವಿ ಮ್ಯಾನೇಜ್‌ಮೆಂಟ್ ಮಾಡುವುದಿಲ್ಲ. ಸಾಮಾನ್ಯವಾಗಿ ಬರುವುದು ಎರಡು. ಮೊದಲನೆಯದು ವರ್ಗಾವಣೆ: ನೇಮಕಾತಿ ಪತ್ರದಲ್ಲಿ "ಕಂಪನಿಯ ಯಾವುದೇ ಘಟಕಕ್ಕೆ" ಎಂಬ ಸಾಲಿದೆಯೋ ನೋಡಿಕೊಳ್ಳಿ. ದುರುದ್ದೇಶದ ವರ್ಗಾವಣೆ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿ ಇದೆ, ಆದರೆ ದುರುದ್ದೇಶವನ್ನು ತೋರಿಸುವ ಹೊಣೆ ನಿಮ್ಮದು. ಎರಡನೆಯದು ಸಿಹಿಯಾಗಿ ಬರುತ್ತದೆ, ಸೂಪರ್‌ವೈಸರ್ ಬಡ್ತಿಯಾಗಿ. ಮೇಲ್ವಿಚಾರಣೆಯ ಕೆಲಸವಿದ್ದು ತಿಂಗಳ ವೇತನ ನಿಗದಿತ ಮಿತಿ ದಾಟಿದರೆ ನೀವು ಕಾಯ್ದೆಯ ಕಣ್ಣಿಗೆ ಕಾರ್ಮಿಕರಲ್ಲ. ಹಳೆಯ ಕಾಯ್ದೆಯಲ್ಲಿ ಆ ಮಿತಿ 10,000 ಇತ್ತು, ಹೊಸ ಸಂಹಿತೆಯಲ್ಲಿ 18,000. ಬರೀ ಹೆಸರು ಬದಲಾಗಿ ಅದೇ ವಾಲ್ವ್ ತಿರುಗಿಸುತ್ತಿದ್ದರೆ ನೀವು ಕಾರ್ಮಿಕರೇ. ಅದನ್ನು ಸಾಬೀತು ಮಾಡಲು ಲಾಗ್ ಬುಕ್ಕಿನ ಪುಟಗಳು ಬೇಕಾಗುತ್ತವೆ. ಬಡ್ತಿ ಬಂದ ವಾರವೇ ಉತ್ತರ ಕೊಡಬೇಡಿ, ಹೊಸ ಹುದ್ದೆಯ ಕರ್ತವ್ಯಗಳನ್ನು ಬರಹದಲ್ಲಿ ಕೇಳಿ.

ಇಷ್ಟರ ಮೇಲೆ, ನಿಮ್ಮ ಕಾಯ್ದೆ ಓದು ನಿಜವಾಗಿ ಕೆಲಸಕ್ಕೆ ಬರುವುದು ಎಲ್ಲಿ? ಕೋರ್ಟಿಗಿಂತ ಮೊದಲು, ಕಾಗದದಲ್ಲಿ. ಸೋತ ಕಾರ್ಮಿಕ ಪ್ರಕರಣಗಳ ಕಡತ ಬಿಚ್ಚಿದರೆ ನ್ಯಾಯ ಇಲ್ಲದ್ದಕ್ಕಿಂತ ಠರಾವು ಇಲ್ಲದ್ದೇ ಹೆಚ್ಚು ಕಡೆ ಕಾಣುತ್ತದೆ. ಸಾಮೂಹಿಕ ವಿವಾದ ಹೂಡಿದಾಗ ಕಂಪನಿಯ ವಕೀಲರ ಮೊದಲ ಆಕ್ಷೇಪ ಹೆಚ್ಚಾಗಿ ಇದೇ: ಈ ಬೇಡಿಕೆಗೆ ಕಾರ್ಮಿಕರ ಬೆಂಬಲವಿತ್ತೆಂಬುದಕ್ಕೆ ಏನು ಆಧಾರ? ಆಗ ತೋರಿಸಬೇಕಾದದ್ದು ನಡಾವಳಿ ಪುಸ್ತಕ. ಹೀಗಾಗಿ ಸಭೆಯ ನೋಟಿಸು, ದಿನಾಂಕ, ಹಾಜರಿದ್ದವರ ಸಹಿ, ಆಮೇಲೆ ಠರಾವು. "ವೇತನ ಪರಿಷ್ಕರಣೆಯ ಬಗ್ಗೆ ಚರ್ಚಿಸಲಾಯಿತು" ಎಂದು ಬರೆದರೆ ಅದು ಏನಕ್ಕೂ ಆಗುವುದಿಲ್ಲ. "ಲಗತ್ತಿಸಿದ 14 ಬೇಡಿಕೆಗಳ ಪಟ್ಟಿಯನ್ನು ಸಭೆ ಅನುಮೋದಿಸಿದೆ, ಇದನ್ನು ಆಡಳಿತ ವರ್ಗಕ್ಕೆ ಸಲ್ಲಿಸಲು, ಮಾತುಕತೆ ನಡೆಸಲು, ಒಪ್ಪಂದವಾಗದಿದ್ದರೆ ಕೈಗಾರಿಕಾ ವಿವಾದ ಹೂಡಲು ಮತ್ತು ಒಪ್ಪಂದಕ್ಕೆ ಸಹಿ ಮಾಡಲು ಅಧ್ಯಕ್ಷರು ಹಾಗೂ ಪ್ರಧಾನ ಕಾರ್ಯದರ್ಶಿಗೆ ಅಧಿಕಾರ ನೀಡಿದೆ" ಎಂದು ಬರೆಯಿರಿ. ಪುಸ್ತಕ ಬೈಂಡ್ ಆಗಿದ್ದು ಪುಟಸಂಖ್ಯೆ ಇರಲಿ. ಬಿಡಿಹಾಳೆಯ ಠರಾವನ್ನು ಪಾಟೀಸವಾಲಿನಲ್ಲಿ ಐದು ನಿಮಿಷದಲ್ಲಿ ಹರಿದುಹಾಕುತ್ತಾರೆ.

ಒಪ್ಪಂದದ ರೂಪವೂ ಅಷ್ಟೇ ಮುಖ್ಯ. ಗೇಟಿನ ಪಕ್ಕದ ಕೋಣೆಯಲ್ಲಿ ಇಬ್ಬರೇ ಕೂತು ಮಾಡಿಕೊಂಡ ಒಪ್ಪಂದ ಸಹಿ ಮಾಡಿದ ಪಕ್ಷಗಳನ್ನು ಮಾತ್ರ ಕಟ್ಟುತ್ತದೆ. ಸಂಧಾನಾಧಿಕಾರಿಯ ಮುಂದೆ, ಸಂಧಾನ ನಡೆಯುವಾಗ ಆದದ್ದು ಸದಸ್ಯರಲ್ಲದವರನ್ನೂ, ನಾಳೆ ಸೇರುವವರನ್ನೂ ಕಟ್ಟುತ್ತದೆ. ಮಾತುಕತೆ ಹೊರಗೆ ಮುಗಿದಿದ್ದರೂ ಕೊನೆಯ ಸಹಿ ಅಧಿಕಾರಿಯ ಮುಂದೆ ಆಗುವಂತೆ ನೋಡಿಕೊಳ್ಳುವುದು ಲೇಸು.

ಸಂಧಾನದ ಮೇಜಿನಲ್ಲಿ ಕಲಂ ಸಂಖ್ಯೆ ಉದುರಿಸುವ ಕಾರ್ಯದರ್ಶಿಗಿಂತ ಬ್ಯಾಲೆನ್ಸ್ ಶೀಟ್ ಓದಬಲ್ಲವನಿಗೆ ಹೆಚ್ಚು ಬೆಲೆ. ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ 100 ರೂಪಾಯಿ ಕಟ್ಟಿದರೆ ಯಾವುದೇ ಕಂಪನಿಯ ಸಲ್ಲಿಕೆಗಳನ್ನು ನೋಡಬಹುದು. ಕಾರ್ಮಿಕರ ಮೇಲಿನ ವೆಚ್ಚ ಒಟ್ಟು ಆದಾಯದ ಶೇಕಡಾ ಎಷ್ಟು, ಮೂರು ವರ್ಷದಲ್ಲಿ ಏರಿದೆಯೋ ಇಳಿದಿದೆಯೋ, ಗುತ್ತಿಗೆಯ ಖರ್ಚನ್ನು ಯಾವ ಶೀರ್ಷಿಕೆಯಲ್ಲಿ ಅಡಗಿಸಿದ್ದಾರೆ, ಇದನ್ನು ಲೆಕ್ಕ ಹಾಕಿಕೊಂಡು ಹೋಗಿ. ಎಲ್‌ಎಲ್‌ಬಿ ತರಗತಿಯಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ.

ಆಂತರಿಕ ವಿಚಾರಣೆ ನಿಮ್ಮ ಓದಿಗೆ ಸಿಗುವ ಇನ್ನೊಂದು ದೊಡ್ಡ ಕ್ಷೇತ್ರ. ಆರೋಪಪತ್ರ ಬಂದ ಕಾರ್ಮಿಕನಿಗೆ ಅಲ್ಲಿ ವಕೀಲರನ್ನು ತರುವ ಹಕ್ಕಿಲ್ಲ. ಸ್ಥಾಯಿ ಆದೇಶಗಳ (ಕಾರ್ಖಾನೆಯ ಸೇವಾ ನಿಯಮಗಳ) ಪ್ರಕಾರ ಸಹಕಾರ್ಮಿಕನೋ ಯೂನಿಯನ್ನಿನವನೋ ನೆರವಿಗೆ ಕೂರಬಹುದು. ಅದು ನೀವು. ಉತ್ತರಕ್ಕೆ ಕೊಟ್ಟ ಗಡುವು ಮೀರಬೇಡಿ, ಸಮಯ ಬೇಕಾದರೆ ಬರಹದಲ್ಲೇ ಕೇಳಿ. ಅವರು ನೆಚ್ಚಿಕೊಂಡ ದಾಖಲೆಗಳ ಪ್ರತಿ ಮತ್ತು ಸಾಕ್ಷಿಗಳ ಪಟ್ಟಿ ಸಿಗದೆ ವಿಚಾರಣೆ ಶುರುವಾದರೆ ಆ ಆಕ್ಷೇಪ ಅದೇ ದಿನದ ನಡಾವಳಿಯಲ್ಲಿ ಬರುವಂತೆ ನೋಡಿಕೊಳ್ಳಿ. ವಿಚಾರಣಾಧಿಕಾರಿ ಬರೆದುಕೊಳ್ಳದಿದ್ದರೆ ಸಹಿ ಹಾಕುವ ಜಾಗದಲ್ಲೇ "ನನ್ನ ಆಕ್ಷೇಪ ದಾಖಲಿಸಿಲ್ಲ" ಎಂದು ಕೈಯಲ್ಲಿ ಬರೆದು ಸಹಿ ಮಾಡಿ, ಪ್ರತಿ ತೆಗೆದುಕೊಳ್ಳಿ. ಸಿಟ್ಟಿನಲ್ಲಿ ಎದ್ದು ಹೊರನಡೆಯುವುದು ಕಾರ್ಮಿಕನಿಗೆ ಆಗುವ ಅತಿ ದೊಡ್ಡ ನಷ್ಟ. ಏಕಪಕ್ಷೀಯವಾಗಿ ಮುಗಿಸಿ "ಅವಕಾಶ ಕೊಟ್ಟಿದ್ದೆವು" ಎಂದು ತೋರಿಸಲು ಅವರಿಗೆ ಅಷ್ಟೇ ಸಾಕು. ವಜಾ ಆದ ಮೇಲೆ ಕಾರ್ಮಿಕ ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದರೆ ನೇರವಾಗಿ ನ್ಯಾಯಪೀಠಕ್ಕೆ ಹೋಗಬಹುದು. ಇದಕ್ಕೆ ಹಳೆಯ ಕಾಯ್ದೆಯಲ್ಲಿ ಮೂರು ವರ್ಷದ ಮಿತಿಯಿತ್ತು, ಸಂಹಿತೆಯಲ್ಲಿ ಎರಡೇ ವರ್ಷ. ಹಳೇ ಲೆಕ್ಕದಲ್ಲಿ ಕೂತವರು ಮೋಸ ಹೋಗುತ್ತಾರೆ.

ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕಾರ್ಯದರ್ಶಿಯ ಮಟ್ಟಿಗೆ ಅದರ ಎರಡು ಬದಲಾವಣೆ ಗಂಭೀರ. ಮೊದಲು ಸಾರ್ವಜನಿಕ ಉಪಯುಕ್ತ ಸೇವೆಗಳಿಗಷ್ಟೇ ಇದ್ದ ಮುಷ್ಕರದ ಮುನ್ಸೂಚನೆ ಈಗ ಎಲ್ಲ ಕೈಗಾರಿಕೆಗಳಿಗೂ ಬೇಕು: ನೋಟಿಸು ಕೊಟ್ಟ 14 ದಿನದೊಳಗೆ ಮುಷ್ಕರ ಹೂಡುವಂತಿಲ್ಲ, 60 ದಿನ ದಾಟಿದರೆ ಆ ನೋಟಿಸು ಸತ್ತಂತೆ. ಸಂಧಾನ ನಡೆಯುತ್ತಿರುವಾಗಲೂ, ಮುಗಿದ ಮೇಲೆ ಏಳು ದಿನವೂ ನಿಷಿದ್ಧ. ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಜನ ಮಾತಾಡಿಕೊಂಡು ಒಂದೇ ದಿನ ಸಿ.ಎಲ್. (ಸಾಂದರ್ಭಿಕ ರಜೆ) ಹಾಕಿದರೆ ಅದೂ ಮುಷ್ಕರವೇ. ಕಾನೂನುಬಾಹಿರ ಮುಷ್ಕರಕ್ಕೆ ಇಳಿದ ಕಾರ್ಮಿಕನಿಗೆ 10,000ದವರೆಗೆ ದಂಡವಿದ್ದರೆ, ಕುಮ್ಮಕ್ಕು ಕೊಟ್ಟವನಿಗೆ 10,000ದಿಂದ 50,000. ಇಬ್ಬರಿಗೂ ದಂಡದ ಬದಲು ಇಲ್ಲವೇ ಅದರ ಜೊತೆಗೆ ಒಂದು ತಿಂಗಳವರೆಗೆ ಜೈಲೂ ಆಗಬಹುದು. ಕರಪತ್ರಕ್ಕೆ ಸಹಿ ಹಾಕುವವರು ಯಾರು ಎಂಬುದನ್ನು ನೆನಪಿಡಿ. ಎರಡನೆಯದು ಮಾನ್ಯತೆ. ಹಲವು ಯೂನಿಯನ್ನುಗಳಿದ್ದರೆ ಶೇ. 51 ಸದಸ್ಯತ್ವ ತೋರಿಸಿದ್ದೇ ಏಕೈಕ ಮಾತುಕತೆಯ ಯೂನಿಯನ್. ಯಾರಿಗೂ ಅಷ್ಟಿಲ್ಲದಿದ್ದರೆ ಶೇ. 20ಕ್ಕೆ ಕಡಿಮೆಯಿಲ್ಲದ ಬೆಂಬಲ ಇರುವವರು ಸೇರಿ ಮಾತುಕತೆಯ ಮಂಡಳಿ. ಹಾಗಾಗಿ ಚಂದಾ ರಸೀದಿ ಪುಸ್ತಕವೇ ಈಗ ಯೂನಿಯನ್ನಿನ ಆಸ್ತಿ. ನಮೂನೆಗಳಿಗೆ ರಾಜ್ಯದ ನಿಯಮ ನೋಡಿಯೇ ಅರ್ಜಿ ಬರೆಯಿರಿ, ಅಂಗಡಿಯಲ್ಲಿ ಸಿಗುವ ಹಳೆಯ ಫಾರಂ ತುಂಬಬೇಡಿ.

ಜೀವನದ ಪ್ರಶ್ನೆಗೆ ಬರೋಣ. ಈ ದಾರಿ ಹಿಡಿದವರು ನಮ್ಮ ಜಿಲ್ಲೆಗೆ ಹೊಸಬರಲ್ಲ. ಅಂಕೋಲೆಯ ದಿನಕರ ದೇಸಾಯಿಯವರನ್ನು (1909–1982) ಚುಟುಕಗಳಿಂದ ನೆನೆಯುತ್ತೇವೆ. ಎಂ.ಎ. ಜೊತೆ ಎಲ್‌ಎಲ್‌ಬಿ ಮಾಡಿದ್ದ ಅವರು ವಕೀಲಿಯನ್ನು ಬದುಕಾಗಿಸಿಕೊಳ್ಳದೆ ಭಾರತ ಸೇವಕ ಸಮಾಜ ಸೇರಿ ಮುಂಬಯಿಯಲ್ಲಿ ಹಡಗಿನ ಕಾರ್ಮಿಕರ ನಡುವೆ ಕೆಲಸ ಮಾಡಿದರು, ಇಲ್ಲಿ ರೈತರನ್ನು ಸಂಘಟಿಸಿ ಜಿಲ್ಲೆಯಿಂದ ಗಡಿಪಾರಾದರು, 1967ರಲ್ಲಿ ಲೋಕಸಭೆಗೆ ಆರಿಸಿಬಂದರು. ಕಾಯ್ದೆ ಓದಲು ಐರ್ಲೆಂಡಿಗೆ ಹೋಗಿದ್ದ ವಿ.ವಿ. ಗಿರಿ ರೈಲ್ವೆ ಕಾರ್ಮಿಕರ ನಾಯಕರಾಗಿ, ಕಾರ್ಮಿಕ ಸಚಿವರಾಗಿ, 1969ರಲ್ಲಿ ರಾಷ್ಟ್ರಪತಿಯಾದರು. ಹೆಸರು ಹೇಳಲು ಚೆಂದ. ಆದರೆ ಆ ಕಾಲದ ಪೂರ್ಣಾವಧಿ ಕಾರ್ಯಕರ್ತನ ಬೆನ್ನಿಗೆ ಸಂಸ್ಥೆಯಿತ್ತು, ಗೃಹಸಾಲದ ಕಂತು ಇರಲಿಲ್ಲ.

ಈಗಿನ ಲೆಕ್ಕ ಹೀಗೆ. 200 ಸದಸ್ಯರು ತಿಂಗಳಿಗೆ 50 ರೂಪಾಯಿ ಕೊಟ್ಟರೆ 10,000. ಅದರಲ್ಲೇ ಕಚೇರಿ ಬಾಡಿಗೆ, ಹುಬ್ಬಳ್ಳಿಯ ಲೇಬರ್ ಕೋರ್ಟಿಗೆ ಓಡಾಟ, ವಕೀಲರ ಫೀ. ಪದಾಧಿಕಾರಿಗೆ ಸಾಮಾನ್ಯ ನಿಧಿಯಿಂದ ಗೌರವಧನ ಕೊಡುವುದು ಕಾಯ್ದೆಬದ್ಧವೇ, ಆದರೆ ಒಂದು ಯೂನಿಯನ್ ಒಂದು ಸಂಸಾರವನ್ನು ಸಾಕಲಾರದು. ಕೆಲಸ ಬಿಟ್ಟರೆ ನೀವು ಹೊರಗಿನವರೂ ಆಗುತ್ತೀರಿ. ಸಂಘಟಿತ ವಲಯದ ಯೂನಿಯನ್ನಿನಲ್ಲಿ ಹೊರಗಿನ ಪದಾಧಿಕಾರಿಗಳು ಮೂರನೇ ಒಂದು ಭಾಗ ಅಥವಾ ಐವರು, ಯಾವುದು ಕಡಿಮೆಯೋ ಅಷ್ಟು. 11 ಜನರ ಸಮಿತಿಯಾದರೆ ಮೂರೇ ಸ್ಥಾನ, ಅವುಗಳ ಮೇಲೆ ಕೇಂದ್ರ ಸಂಘಟನೆಯವರ ಕಣ್ಣೂ ಇರುತ್ತದೆ.

ರಾಜೀನಾಮೆ ಕೊಟ್ಟು ವಕೀಲರಾಗುವ ದಾರಿಯನ್ನು ತಪ್ಪೆನ್ನಲಾರೆ. ಅದು ಬೇರೆಯೇ ವೃತ್ತಿ. ಆಗ ಸಮಿತಿಯಿಂದ ಹೊರಗಿದ್ದು ಹಲವು ಯೂನಿಯನ್ನುಗಳ ಕಾನೂನು ಸಲಹೆಗಾರರಾಗಬಹುದು. ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಬಂದರೆ ಅಲ್ಲಿ ಪದಾಧಿಕಾರಿಯ ಹಕ್ಕು ನಡೆಯದು, ವಕೀಲರೇ ಬೇಕು. ಆದರೆ ಕಾರವಾರದಲ್ಲಿ ಕಾರ್ಮಿಕ ಪ್ರಕರಣಗಳನ್ನೇ ನಂಬಿ ಕಚೇರಿ ನಡೆಸಲಾಗದು. ಲೇಬರ್ ಕೋರ್ಟ್ ಇರುವುದು ಹುಬ್ಬಳ್ಳಿಯಲ್ಲಿ. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ದಾಟಿ ಹೋಗಿ ಮುಂದಿನ ತಾರೀಖು ಬರೆದುಕೊಂಡು ಬರುವ ದಿನಗಳೇ ಹೆಚ್ಚು. ಕೇಂದ್ರ ವ್ಯಾಪ್ತಿಯದಾದರೆ ಬೆಂಗಳೂರು. ಮೊದಲ ಕೆಲವು ವರ್ಷ ಹೊಟ್ಟೆ ಹೊರೆಯುವುದು ಅಪಘಾತ ಪರಿಹಾರ, ಜಮೀನು, ಚೆಕ್ ಬೌನ್ಸ್. ಏಳು ವರ್ಷಕ್ಕೆ ನಿಮಗೆ ಗ್ರಾಚ್ಯುಟಿ ಬರುತ್ತದೆ: ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ಇದ್ದರೆ ಅದನ್ನು 26ರಿಂದ ಭಾಗಿಸಿ, 15ರಿಂದ, ಮತ್ತೆ 7ರಿಂದ ಗುಣಿಸಿ, ಅಂದರೆ 1,05,000. ಮನೆಸಾಲದ ಎಷ್ಟು ಕಂತಿಗೆ ಅದು ಸಾಕೆಂದು ನೀವೇ ನೋಡಿ. ಹಾಗಾಗಿ ಸಾಲ ಇಳಿಯುವವರೆಗೆ ಕೆಲಸದಲ್ಲಿದ್ದು ಒಂದೆರಡು ಅವಧಿ ಕಾರ್ಯದರ್ಶಿಯಾಗಿ, ವಕೀಲಿಯನ್ನು ಆಮೇಲೆ ಯೋಚಿಸಿ ಎಂಬುದು ನನ್ನ ಸಲಹೆ. ಒಂದು ವೇತನ ಒಪ್ಪಂದ, ನಾಲ್ಕಾರು ಆಂತರಿಕ ವಿಚಾರಣೆ ನಡೆಸಿ ಬಂದವನಿಗೆ ಹಿರಿಯ ವಕೀಲರ ಕಚೇರಿಯಲ್ಲಿ ಸಿಗುವ ಜಾಗವೇ ಬೇರೆ.

ಗುತ್ತಿಗೆ ಹುಡುಗರನ್ನು ಸೇರಿಸಿಕೊಳ್ಳಬಹುದು, ಬೈಲಾದ ಸದಸ್ಯತ್ವದ ಕಲಂನಲ್ಲಿ ಅವರು ಬರುತ್ತಾರೋ ನೋಡಿ. ಬಾರದಿದ್ದರೆ ಮಹಾಸಭೆಯಲ್ಲಿ ತಿದ್ದಿ ರಿಜಿಸ್ಟ್ರಾರರಿಗೆ ಕಳಿಸಿ. ಕಾಯಂ ಮಾಡಿಸುತ್ತೇವೆಂದು ಮಾತ್ರ ಮಾತು ಕೊಡಬೇಡಿ. ಗುತ್ತಿಗೆ ನಿಷೇಧವಾದರೂ ತಾನಾಗಿ ಕಾಯಂ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರ ಸ್ಟೀಲ್ ಅಥಾರಿಟಿ ತೀರ್ಪಿನಲ್ಲಿ ಹೇಳಿದೆ. ಗುತ್ತಿಗೆ ಬರೀ ಹೆಸರಿಗೆ, ನಿಜವಾದ ಮಾಲೀಕ ಕಂಪನಿಯೇ ಎಂದು ತೋರಿಸಿದರಷ್ಟೇ ದಾರಿ. ಅದಕ್ಕೆ ಬೇಕಾದದ್ದು ಗೇಟ್‌ಪಾಸ್, ರಜೆ ಮಂಜೂರು ಮಾಡಿದವರ ಸಹಿ, ಶಿಫ್ಟಿನಲ್ಲಿ ಕೆಲಸ ಹಂಚುವವರು ಯಾರೆಂಬ ದಾಖಲೆ. ಸಂಗ್ರಹ ಇವತ್ತೇ ಶುರುವಾಗಲಿ, ಗುತ್ತಿಗೆದಾರ ಬದಲಾದ ದಿನ ಹಳೆಯ ರಿಜಿಸ್ಟರು ಮಾಯವಾಗುತ್ತದೆ.

ಹುದ್ದೆ ಒಪ್ಪಿಕೊಳ್ಳುವ ಮುನ್ನ ನಿವೃತ್ತರಾಗುತ್ತಿರುವ ಕಾರ್ಯದರ್ಶಿಗಳಿಂದ ಇವನ್ನು ಪಟ್ಟಿ ಮಾಡಿ, ಇಬ್ಬರೂ ಸಹಿ ಹಾಕಿ, ವಶಕ್ಕೆ ತೆಗೆದುಕೊಳ್ಳಿ: ನೋಂದಣಿ ಪ್ರಮಾಣಪತ್ರ, ಬೈಲಾದ ದೃಢೀಕೃತ ಪ್ರತಿ, ನಡಾವಳಿ ಪುಸ್ತಕಗಳು, ಸದಸ್ಯತ್ವ ರಿಜಿಸ್ಟರ್, ಬಳಸಿದ ಮತ್ತು ಬಳಸದ ರಸೀದಿ ಪುಸ್ತಕಗಳು, ಬ್ಯಾಂಕ್ ಪಾಸ್‌ಬುಕ್, ಪ್ರಮಾಣೀಕೃತ ಸ್ಥಾಯಿ ಆದೇಶಗಳು, ಚಾಲ್ತಿಯಲ್ಲಿರುವ ವೇತನ ಒಪ್ಪಂದ, ಮತ್ತು ರಿಜಿಸ್ಟ್ರಾರರಿಗೆ ಕಳಿಸಿದ ಕಳೆದ ಮೂರು ವರ್ಷದ ವಾರ್ಷಿಕ ವಿವರಪತ್ರಗಳ ಸ್ವೀಕೃತಿ. ಈ ಕೊನೆಯದು ಸಿಗದಿದ್ದರೆ ಚುನಾವಣೆಗೆ ನಿಲ್ಲುವ ಮೊದಲೇ ರಿಜಿಸ್ಟ್ರಾರರ ಕಚೇರಿಗೆ ಹೋಗಿ ನೋಂದಣಿ ಜೀವಂತವಾಗಿದೆಯೇ ಎಂದು ವಿಚಾರಿಸಿ. ರದ್ದಾದ ಯೂನಿಯನ್ನಿನ ಪದಾಧಿಕಾರಿಗೆ ಮೇಲೆ ಹೇಳಿದ ಹಾಜರಾತಿಯ ಹಕ್ಕೂ ಇಲ್ಲ, ರಕ್ಷಿತ ಕಾರ್ಮಿಕನ ಪಟ್ಟಿಯೂ ಇಲ್ಲ.